ಡಬ್ಬಿಯ ಮೇಲಿನ ಉಪ್ಪಾಗೆ

2023ರ ಜುಲೈ. ಮಯೂರ್ ವಿಹಾರ್ ಫೇಸ್-1ರ ನಮ್ಮ ಬಾಡಿಗೆ ಮನೆಯಲ್ಲಿ ಕೂತು ಒಂದು ವಾಷಿಂಗ್ ಮಷೀನಿನ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೆ. ಊರಿನಿಂದ ಆಯಿಯ ಫೋನ್ ಬಂತು. ಸಿದ್ದಾಪುರದ ಕಡೆ ಮಳೆ ಜೋರಿದೆ, ಕರೆಂಟಿಲ್ಲ, ಕೊನೆಗೌಡನಿಗೆ ಜ್ವರ ಅಂತೆಲ್ಲ ಹೇಳಿ ಮುಗಿಸಿ, ಫೋನ್ ಇಡುವ ಹೊತ್ತಿಗೆ ಅಂದಳು: "ಕೂಸೇ, ಒಂದು ಹೊಸ ಗುಳಿಗೆ ತಗಂಬಲೆ ಶುರು ಮಾಡಿದ್ದಿ. ನಮ್ಮ ಉಪ್ಪಾಗೇದೇ ಅಡ. ತೂಕ ಇಳಿತಡ. ಡಬ್ಬಿ ಮೇಲೆ ಕನ್ನಡದಲ್ಲೇ ಬರದ್ದ."

ಹವ್ಯಕ ಮಾತು ಗೊತ್ತಿಲ್ಲದವರಿಗೆ: 'ಅಡ' ಎಂದರೆ 'ಅಂತೆ'. 'ಇಳಿತಡ' ಎಂದರೆ 'ಇಳಿಯುತ್ತದಂತೆ'.

ಡಬ್ಬಿಯ ಫೋಟೋ ಕಳಿಸು ಅಂದೆ. ಸಂಜೆ ಕರೆಂಟ್ ಬಂದ ಮೇಲೆ ಕಳಿಸಿದಳು. ಹಸಿರು ಡಬ್ಬಿ, ಒಂದು ಎಲೆಯ ಚಿತ್ರ, ಅದರ ಕೆಳಗೆ ಒಂದು ವಾಕ್ಯ: 'ಪಶ್ಚಿಮ ಘಟ್ಟದ ಜನರು ತಲತಲಾಂತರದಿಂದ ತೂಕ ನಿರ್ವಹಣೆಗೆ ಬಳಸುತ್ತ ಬಂದಿರುವ ಉಪ್ಪಾಗೆ ಹಣ್ಣಿನ ಸಾರ.'

ಅದು ನಾನು ಬರೆದ ವಾಕ್ಯ. ಅನುಮಾನವೇ ಇರಲಿಲ್ಲ. 'ಬಳಸುತ್ತ ಬಂದಿರುವ' ಎನ್ನುವುದು ನನ್ನ ಅಭ್ಯಾಸದ ರೂಪ. ಬೇರೆಯವರಾಗಿದ್ದರೆ 'ಬಳಸಲ್ಪಡುತ್ತಿರುವ' ಅಂತ ಬರೆಯುತ್ತಿದ್ದರು.

ಆ ಕೆಲಸ 2021ರಲ್ಲಿ ಬಂದದ್ದು. ಕೋವಿಡ್‌ನಿಂದ ಪುಸ್ತಕಗಳ ಅನುವಾದವೆಲ್ಲ ನಿಂತುಹೋಗಿ, ಒಂದು ಏಜೆನ್ಸಿ ಕಳಿಸುವ ಲೇಬಲ್ಲು, ಕೈಪಿಡಿ, ಆ್ಯಪ್‌ಗಳ ಸೂಚನೆ ಇವುಗಳಲ್ಲೇ ಮನೆ ನಡೆಯುತ್ತಿತ್ತು. ಪದಕ್ಕೆ 1 ರೂಪಾಯಿ 20 ಪೈಸೆ. ಲೇಬಲ್ಲಿನ ಇಂಗ್ಲಿಷ್ ಮೂಲದಲ್ಲಿ ಇದ್ದದ್ದು 'ಗಾರ್ಸಿನಿಯಾ ಕ್ಯಾಂಬೋಜಿಯಾ' ಎಂಬ ಹೆಸರು ಮಾತ್ರ. ಅದನ್ನೇ ಕನ್ನಡ ಲಿಪಿಯಲ್ಲಿ ಬರೆದು ಕಳಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ನಾನು ಹುಡುಕಿ ನೋಡಿದೆ, ಅದು ನಮ್ಮ ಬೆಟ್ಟದ ಉಪ್ಪಾಗೆ ಎಂದು ತಿಳಿಯಿತು. ದೆಹಲಿಯಲ್ಲಿ ಕೂತವಳಿಗೆ ಎಲ್ಲಿಲ್ಲದ ಖುಷಿ. ಭಾಷಾವಿಜ್ಞಾನದಲ್ಲಿ ಎಂ.ಎ. ಮಾಡಿದವಳ ಜಂಬವೂ ಸ್ವಲ್ಪ ಸೇರಿತ್ತೆನ್ನಿ. ಲ್ಯಾಟಿನ್ ಹೆಸರನ್ನು ತೆಗೆದು 'ಉಪ್ಪಾಗೆ' ಅಂತ ಹಾಕಿ, ಯಾಕೆ ಹಾಕಿದೆ ಎಂದು ಟಿಪ್ಪಣಿಯನ್ನೂ ಬರೆದೆ. ಕಂಪನಿಗೆ ತುಂಬಾ ಇಷ್ಟವಾಯಿತು ಎಂದು ಏಜೆನ್ಸಿಯಿಂದ ಮೇಲ್ ಬಂತು. ಹಾಗೆ ಮೆಚ್ಚುಗೆಯ ಮೇಲ್ ಬರುವುದು ಈ ಕಸುಬಿನಲ್ಲಿ ಅಪರೂಪ.

ವಾಕ್ಯದ ಉಳಿದ ಭಾಗದ ಬಗ್ಗೆ ಆಗ ಯೋಚಿಸಲಿಲ್ಲ. ತಲತಲಾಂತರದಿಂದ ತೂಕ ಇಳಿಸಲು? ನಮ್ಮ ಊರಲ್ಲಿ ಯಾರು?

*

ನಮ್ಮ ಅಮ್ಮಮ್ಮನ ಮನೆ ಸಿದ್ದಾಪುರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆ. ತೋಟದ ಮೇಲೆ ಸೊಪ್ಪಿನಬೆಟ್ಟ. ತೋಟಕ್ಕೆ ಸೊಪ್ಪು, ದರಕು ತರಲೆಂದು ಬ್ರಿಟಿಷರ ಕಾಲದಿಂದ ಅಡಿಕೆ ಬೆಳೆಗಾರರಿಗೆ ಬಿಟ್ಟುಕೊಟ್ಟ ಕಾಡು ಅದು. ಅಲ್ಲಿ ಎರಡು ಉಪ್ಪಾಗೆ ಮರಗಳಿದ್ದವು. ಒಂದು ಕಾಯಿ ಬಿಡುತ್ತಿತ್ತು, ಇನ್ನೊಂದು ಬಿಡುತ್ತಿರಲಿಲ್ಲ. ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ.

ಹಣ್ಣು ಆಗುವುದು ಮಳೆಗಾಲದಲ್ಲೇ. ಪುಟ್ಟ ಕುಂಬಳಕಾಯಿಯ ಹಾಗೆ ಉದ್ದುದ್ದ ಗೀರುಗಳಿರುವ ಹಳದಿ ಹಣ್ಣು, ಮುಷ್ಟಿಯೊಳಗೆ ಹಿಡಿಯುವಷ್ಟು ದೊಡ್ಡದು. ಒಡೆದರೆ ಒಳಗೆ ಬೀಜ, ಬೀಜದ ಸುತ್ತ ಲೋಳೆಲೋಳೆ ತಿರುಳು. ಆ ತಿರುಳನ್ನು ನಾವು ಮಕ್ಕಳು ಚೀಪುತ್ತಿದ್ದೆವು, ಹಲ್ಲಿಗೆಲ್ಲ ಅಂಟಿಕೊಳ್ಳುತ್ತಿತ್ತು. ಹೊರಗಿನ ದಪ್ಪ ಸಿಪ್ಪೆಯನ್ನು ಕಚ್ಚಿದರೆ ಮಾತ್ರ ಕಣ್ಣು ತಾನಾಗಿ ಮುಚ್ಚಿಕೊಳ್ಳುವಷ್ಟು ಹುಳಿ.

ಅಮ್ಮಮ್ಮನಿಗೆ ಅದರಲ್ಲಿ ಬೇಕಾದದ್ದು ಎರಡು: ಸಿಪ್ಪೆ ಮತ್ತು ಬೀಜ. ಜುಲೈ, ಆಗಸ್ಟಿನಲ್ಲಿ ನಮ್ಮ ಕಡೆ ಬಿಸಿಲು ನೋಡಬೇಕೆಂದರೆ ದೇವರಿಗೆ ಹರಕೆ ಹೊರಬೇಕು. ಹಾಗಾಗಿ ಸಿಪ್ಪೆಯನ್ನು ಒಣಗಿಸುವುದು ಬೆಂಕಿಯ ಮೇಲೆ. ಬಚ್ಚಲ ಒಲೆಯ ಮೇಲೆ ಬಿದಿರಿನ ತಟ್ಟಿ ಕಟ್ಟಿ ಅದರ ಮೇಲೆ ಹರವುತ್ತಿದ್ದಳು. ಹಗಲೂ ರಾತ್ರಿ ಹೊಗೆ ಕುಡಿದು ಹಳದಿ ಸಿಪ್ಪೆ ಕಂದಾಗಿ, ಕಪ್ಪಾಗಿ, ಕೊನೆಗೆ ಚರ್ಮದ ಹಾಗೆ ಮುದುಡುತ್ತಿತ್ತು. ಆಮೇಲೆ ಉಪ್ಪು ಸವರಿ ಭರಣಿಗೆ ತುಂಬಿದರೆ ವರ್ಷಗಟ್ಟಲೆ ಕೆಡದು. ಹುಣಸೆಹಣ್ಣು ಪೇಟೆಯಿಂದ ದುಡ್ಡು ಕೊಟ್ಟು ತರಬೇಕಾದ ವಸ್ತು, ಉಪ್ಪಾಗೆ ಬೆಟ್ಟದಿಂದ ಬರುವಂಥದ್ದು. ದಿನದ ಸಾರು, ಹುಳಿಗೆಲ್ಲ ಎರಡು ಹೋಳು ಉಪ್ಪಾಗೆ ಸಿಪ್ಪೆಯೇ ಬೀಳುತ್ತಿತ್ತು.

ಬೀಜದ ಕೆಲಸ ಮಳೆ ಮುಗಿದ ಮೇಲೆ. ತೊಳೆದು ಒಣಗಿಸಿಟ್ಟ ಬೀಜವನ್ನು ಒರಳಲ್ಲಿ ಕುಟ್ಟಿ ನೀರಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ಸೌಟಿನಿಂದ ತೆಗೆದು ಆರಲು ಬಿಟ್ಟರೆ ಗಟ್ಟಿಯಾಗುತ್ತದೆ. ಅದೇ ಉಪ್ಪಾಗೆ ತುಪ್ಪ. ಮುರುಗಲ ಬೀಜದಿಂದ ಮುರುಗಲ ತುಪ್ಪ ತೆಗೆಯುವುದೂ ಹೀಗೇ, ಎರಡೂ ಒಂದೇ ಕುಲದ ಮರಗಳು. ಎಮ್ಮೆ ಬತ್ತಿದ ತಿಂಗಳುಗಳಲ್ಲಿ ನಮ್ಮ ಮನೆಯ ದೋಸೆ, ರೊಟ್ಟಿಯ ಮೇಲೆ ಬೀಳುತ್ತಿದ್ದದ್ದು ಈ ತುಪ್ಪ. ಬೇಸಿಗೆ ರಜೆಗೆ ಹೋದ ಮೊಮ್ಮಕ್ಕಳ ತೋಳು ಹಿಡಿದು ನೋಡಿ "ಎಂತಕ್ಕೆ ಹೀಂಗೆ ಒಣಗಿದ್ದೆ" ಎನ್ನುತ್ತ ಅಮ್ಮಮ್ಮ ಇನ್ನೊಂದು ಚಮಚ ಹಾಕುತ್ತಿದ್ದಳು.

ತೂಕಕ್ಕೂ ಉಪ್ಪಾಗೆಗೂ ನಮ್ಮ ಮನೆಯಲ್ಲಿದ್ದ ಸಂಬಂಧ ಇಷ್ಟೇ. ಅದೂ ಉಲ್ಟಾ.

*

ಆಯಿಯ ಫೋನ್ ಬಂದ ವಾರವೇ ತೆಂಗಿನೆಣ್ಣೆ ತರಲು ಫೇಸ್-3ಕ್ಕೆ ಹೋಗಿದ್ದೆ. ಮಯೂರ್ ವಿಹಾರದ ಮೂರೂ ಫೇಸ್‌ಗಳಲ್ಲಿ ಮಲಯಾಳಿಗಳು ಬಹಳ. ಫೇಸ್-1ರಲ್ಲಿ ಅವರ ಉತ್ತರ ಗುರುವಾಯೂರಪ್ಪನ ದೇವಸ್ಥಾನವೇ ಇದೆ. ಕುಚ್ಚಲಕ್ಕಿ, ನೇಂದ್ರ ಬಾಳೆ, ಮರಗೆಣಸು ಸಿಗುವ ಅಂಗಡಿಗಳಿಂದಾಗಿ ನನ್ನಂಥ ಮಲೆನಾಡಿನವರೂ ಇಲ್ಲಿ ಬದುಕಿಕೊಂಡಿದ್ದೇವೆ. ಆವತ್ತು ಅಂಗಡಿಯವರು ಒಂದು ಚೀಲದಿಂದ ಕಪ್ಪು ಚೂರುಗಳನ್ನು ತೂಗಿ ಸಣ್ಣ ಪ್ಯಾಕೆಟ್ಟುಗಳಿಗೆ ತುಂಬುತ್ತಿದ್ದರು. ನಾನು ಎಣ್ಣೆಯ ಬಾಟಲಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಅಮ್ಮಮ್ಮನ ಬಚ್ಚಲುಮನೆಯ ವಾಸನೆ.

"ಇದೇನು?" ಅಂತ ಕೇಳಿದೆ.

"ಕುಡಂಪುಳಿ, ಚೇಚಿ. ಮೀನಿಗೆ."

ಎಂಟು ವರ್ಷದಿಂದ ಆ ಅಂಗಡಿಗೆ ಹೋಗುತ್ತಿದ್ದೆ. ಮೀನು ತಿನ್ನದ ಮನೆಯವಳಾದ್ದರಿಂದ ಆ ಮೂಲೆಯ ಕಡೆ ನೋಡಿರಲಿಲ್ಲ, ಅಷ್ಟೇ. 100 ಗ್ರಾಂ ತೆಗೆದುಕೊಂಡೆ. ನಮ್ಮ ಮಹಡಿಯಲ್ಲೇ ಇರುವ ಕೊಟ್ಟಾಯಂ ಕಡೆಯ ಚೇಚಿಯನ್ನು ಕೇಳಿದಾಗ ಅವರು ಅರ್ಧ ಗಂಟೆ ಹೇಳಿದರು. ಸಿಪ್ಪೆಯನ್ನು ತೊಳೆದು ಬಿಸಿನೀರಲ್ಲಿ ನೆನೆಸಬೇಕು, ಮಣ್ಣಿನ ಚಟ್ಟಿಯಲ್ಲೇ ಮಾಡಬೇಕು, ಕೆಂಪು ಮೆಣಸಿನ ಮೀನ್ ಕರಿಗೆ ಬೇರೆ ಯಾವ ಹುಳಿಯೂ ಆಗದು, ಮಾಡಿದ ದಿನಕ್ಕಿಂತ ಮಾರನೇ ದಿನ ರುಚಿ. ತೂಕ ಇಳಿಸಲು ಇದನ್ನು ತಿನ್ನುತ್ತಾರಾ ಅಂತ ಕೇಳಿದೆ. ಅವರು ನಕ್ಕು, ಇದನ್ನು ಹಾಕಿದರೆ ಒಂದು ತಟ್ಟೆ ಅನ್ನ ಜಾಸ್ತಿ ಹೋಗುತ್ತದೆ ಅಂದರು.

ಆಮೇಲೆ ನಾನು ಕೇಳುತ್ತ, ಓದುತ್ತ ಹೋದೆ. ಅದು ಪಾಪಪ್ರಜ್ಞೆಯ ಓದು ಅಂತ ಈಗ ಅನ್ನಿಸುತ್ತದೆ. ಕೊಡಗಿನಲ್ಲಿ ಇದೇ ಹಣ್ಣಿಗೆ ಪಣಪುಳಿ ಎನ್ನುತ್ತಾರೆ. ಅಲ್ಲಿ ಸಿಪ್ಪೆ ಒಣಗಿಸುವುದಕ್ಕಿಂತ ರಸ ಇಳಿಸುವುದು ಹೆಚ್ಚು. ಮಳೆಗಾಲದಲ್ಲಿ ಹೆಕ್ಕಿ ತಂದ ಹಣ್ಣನ್ನು ಬುಟ್ಟಿಯಲ್ಲಿಟ್ಟು, ಕೊಳೆಯುತ್ತ ತೊಟ್ಟಿಕ್ಕುವ ರಸವನ್ನು ಕೆಳಗೆ ಪಾತ್ರೆಯಿಟ್ಟು ಹಿಡಿದು, ಅದನ್ನು ಗಂಟೆಗಟ್ಟಲೆ ಕುದಿಸಿ ಕಪ್ಪಗೆ ಗಟ್ಟಿಯಾಗಿಸಿದರೆ ಕಾಚಂಪುಳಿ. ಪಂದಿಕರಿ ಇಳಿಸುವ ಮೊದಲು ಒಂದೆರಡು ಚಮಚ ಹಾಕಿದರೆ ಸಾಕು, ಆ ಬಣ್ಣ, ಆ ಹುಳಿ ಬರುವುದು ಅದರಿಂದ. ಶ್ರೀಲಂಕಾದಲ್ಲಿ ಇದು ಗೊರಕ. ಅದನ್ನು ಅರೆದು ಮೀನಿಗೆ ಹಚ್ಚಿ ನೀರು ಬತ್ತುವ ತನಕ ಬೇಯಿಸಿದ ಅಂಬುಲ್ ತಿಯಲ್, ಫ್ರಿಜ್ ಇಲ್ಲದೆಯೂ ಕೆಲವು ದಿನ ಕೆಡದೆ ಇರುತ್ತದೆ. ಮಳೆ ಹೆಚ್ಚು ಸುರಿಯುವ, ಏನಿಟ್ಟರೂ ಬೂಸಲು ಬರುವ ನಾಡುಗಳಲ್ಲಿ ಆಹಾರವನ್ನು ಕಾಯುವ ಹುಳಿ ಇದು. ನಾನು ಕೇಳಿದ ಯಾವ ಅಡುಗೆಮನೆಯಲ್ಲೂ ಇದಕ್ಕೆ ತೂಕ ಇಳಿಸುವ ಕೆಲಸ ಇರಲಿಲ್ಲ.

ಹೆಸರುಗಳೂ ಅದನ್ನೇ ಹೇಳುತ್ತವೆ. ಕುಡಂಪುಳಿ, ಪಣಪುಳಿ, ಕಾಚಂಪುಳಿ: ಎಲ್ಲದರಲ್ಲೂ ಪುಳಿ. ನಮ್ಮ ಹುಳಿಯೂ ಅದೇ. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು, ಪಾಲು ಹಾಲಾದ ಹಾಗೆ ಪುಳಿ ಹುಳಿಯಾಯಿತು. ತಂಬುಳಿಯಲ್ಲಿ ಮಾತ್ರ ಹಳೆಯ ಪಕಾರ ಬಕಾರದ ವೇಷದಲ್ಲಿ ಇನ್ನೂ ಕೂತಿದೆ: ತಣ್ಣನೆಯ ಪುಳಿ, ತಂಬುಳಿ. ಕೇರಳ, ಕೊಡಗು, ತುಳುನಾಡುಗಳಲ್ಲಿ ಪುಳಿ ಪುಳಿಯಾಗಿಯೇ ಉಳಿಯಿತು. ಹುಳಿ ಅಂದರೆ ನಮ್ಮಲ್ಲಿ ಒಂದು ರುಚಿಯೂ ಹೌದು, ಅನ್ನಕ್ಕೆ ಕಲಸಿಕೊಳ್ಳುವ ಪದಾರ್ಥವೂ ಹೌದು.

ಲ್ಯಾಟಿನ್ ಹೆಸರಿನ ಕಥೆಯೇ ಬೇರೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಾಡಿಸಿದ 'ಹೋರ್ಟಸ್ ಮಲಬಾರಿಕಸ್'ನ ಮೊದಲ ಸಂಪುಟ 1678ರಲ್ಲಿ ಅಚ್ಚಾಯಿತು. ಅದರಲ್ಲಿ ಈ ಮರ ತನ್ನ ಮಲಯಾಳ ಹೆಸರಿನಲ್ಲೇ, 'ಕೊಡ್ಡಂಪುಲ್ಲಿ' ಎಂದು, ಇದೆ. ಮುಂದಿನ ಶತಮಾನದಲ್ಲಿ ಲಿನ್ನೇಯಸ್ ಇದಕ್ಕೆ 'ಕ್ಯಾಂಬೋಜಿಯಾ' ಎಂದು ಹೆಸರಿಟ್ಟ. ಚಿತ್ರ ಬರೆಯುವವರು ಬಳಸುತ್ತಿದ್ದ, ಕಾಂಬೋಡಿಯಾ ಕಡೆಯಿಂದ ಬರುತ್ತಿದ್ದ ಹಳದಿ ಅಂಟಿನ ಮರ ಇದೇ ಎಂದು ಅವನು ತಿಳಿದದ್ದು ಕಾರಣ. ಆ ಅಂಟು ಬರುವುದು ಇದೇ ಕುಲದ ಬೇರೆ ಮರಗಳಿಂದ. ಹೀಗೆ ಸಿದ್ದಾಪುರದ ಬೆಟ್ಟದ ಮರವೊಂದು ಕಾಂಬೋಡಿಯಾದ ಹೆಸರು ಹೊತ್ತು ತಿರುಗುತ್ತಿದೆ. ತಪ್ಪು ಹೆಸರನ್ನು ಸರಿಮಾಡಿದೆ ಎಂದು 2021ರಲ್ಲಿ ನಾನು ಬೀಗಿದ್ದು ಇದನ್ನೇ.

*

ಹಾಗಾದರೆ ತೂಕದ ಮಾತು ಎಲ್ಲಿಂದ ಬಂತು? ಅದರ ವಯಸ್ಸು ಅರವತ್ತರ ಆಸುಪಾಸು, ಮತ್ತು ಅದು ಶುರುವಾದದ್ದು ನಮ್ಮ ಮೈಸೂರಿನಲ್ಲಿ. ಈ ಹಣ್ಣಿನ ಹುಳಿಗೆ ಟಾರ್ಟಾರಿಕ್, ಸಿಟ್ರಿಕ್ ಆಮ್ಲಗಳು ಕಾರಣ ಎಂದು ಮೊದಲು ನಂಬಲಾಗಿತ್ತು. 1965ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದವರು, ದೇಹ ಸಕ್ಕರೆಯನ್ನು ಕೊಬ್ಬಾಗಿ ಮಾಡುವಾಗ ಬೇಕಾಗುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆ ಎಂದು ಕಂಡರು. 1970ರ ದಶಕದಲ್ಲಿ ಇಲಿಗಳ ಮೇಲೆ ಪ್ರಯೋಗವಾಯಿತು, ಇಲಿಗಳು ತಿನ್ನುವುದು ಕಡಿಮೆಯಾಯಿತು. ಅಲ್ಲಿಂದ ಮುಂದೆ ಮಾರುಕಟ್ಟೆ.

ಮನುಷ್ಯರ ವಿಷಯಕ್ಕೆ ಬಂದರೆ, 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಬಂತು. ತೂಕ ಹೆಚ್ಚಿದ್ದ 135 ಜನ, 12 ವಾರ, ಅರ್ಧದಷ್ಟು ಜನಕ್ಕೆ ಉಪ್ಪಾಗೆಯ ಸಾರ, ಉಳಿದವರಿಗೆ ಏನೂ ಇಲ್ಲದ ಗುಳಿಗೆ. ಎರಡು ಗುಂಪಿನವರ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಸಾರವಿರುವ ಗುಳಿಗೆಗಳನ್ನು ತೆಗೆದುಕೊಂಡ ಕೆಲವರ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ಆಮೇಲೆ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾದವು. ಇಂಥ ಗುಳಿಗೆಗಳಲ್ಲಿ ಬೇರೆ ಪದಾರ್ಥಗಳೂ ಇರುವುದುಂಟು, ಎಲ್ಲ ಸಲವೂ ಉಪ್ಪಾಗೆಯೇ ಕಾರಣ ಎನ್ನಲಾಗದು. ಆದರೆ ಸಾರಿಗೆ ಬೀಳುವ ಎರಡು ಹೋಳು ಸಿಪ್ಪೆಗೂ, ಅದರ ಆಮ್ಲವನ್ನು ಮಾತ್ರ ಹಿಂಡಿ ದಿನಕ್ಕೆ ಮೂರು ಸಲ ನುಂಗುವುದಕ್ಕೂ ಇರುವ ಅಂತರ ಗೊತ್ತಾಗಲು ವಿಜ್ಞಾನಿಯೇ ಆಗಬೇಕಿಲ್ಲ.

ಮಾರುಕಟ್ಟೆಯ ಇನ್ನೊಂದು ತುದಿಯನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡದ್ದು ಏನು ಅಂತ ಆಗ ಗೊತ್ತಿರಲಿಲ್ಲ. 90ರ ದಶಕದಲ್ಲಿ, ನಾನು ಕನ್ನಡ ಶಾಲೆಗೆ ಹೋಗುತ್ತಿದ್ದಾಗ, ಇದ್ದಕ್ಕಿದ್ದಂತೆ ಉಪ್ಪಾಗೆಗೆ ರೇಟು ಬಂತು. ಊರೂರಿನ ಅಂಗಡಿಯವರು ಒಣ ಸಿಪ್ಪೆ ಕೊಳ್ಳತೊಡಗಿದರು. ಕೂಲಿಯಿಲ್ಲದ ಮಳೆಗಾಲದಲ್ಲಿ ಎಷ್ಟೋ ಮನೆಗಳಿಗೆ ಅದರಿಂದ ಅಕ್ಕಿ ಬಂದಿದೆ, ಅದನ್ನು ಮರೆಯಬಾರದು. ನಮ್ಮ ಸೊಪ್ಪಿನಬೆಟ್ಟದಲ್ಲಿ ಹಣ್ಣಾಗುವ ತನಕ ಕಾಯುತ್ತಿದ್ದರು. ಯಾರ ಕಾವಲೂ ಇಲ್ಲದ ಕಾಡಿನಲ್ಲಿ ಮಾತ್ರ ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಎಂದು ಎಳೆಗಾಯಿಯನ್ನೇ ಕೊಯ್ದರು, ಕೈಗೆ ಸಿಗದ ಕಡೆ ಹೆರೆಯನ್ನೇ ಕಡಿದರು. ಮಳೆಯಲ್ಲಿ ಅಷ್ಟೊಂದು ಸಿಪ್ಪೆ ಒಣಗಿಸಲು ರಾಶಿ ರಾಶಿ ಕಟ್ಟಿಗೆ ಉರಿಯಿತು. ಕೊನೆಗೆ ಒಂದು ವರ್ಷ ರಾತ್ರೋರಾತ್ರಿ ಯಾರೋ ನಮ್ಮ ಬೆಟ್ಟಕ್ಕೂ ಬಂದು ಹೆಣ್ಣು ಮರದ ದೊಡ್ಡ ಹೆರೆಗಳನ್ನೆಲ್ಲ ಕಡಿದುಹಾಕಿದ್ದರು. ಮರ ಮತ್ತೆ ಚೇತರಿಸಿಕೊಳ್ಳಲಿಲ್ಲ. ಅಮ್ಮಮ್ಮ ತೀರಿಕೊಳ್ಳುವ ಹೊತ್ತಿಗೆ ಮನೆಯಲ್ಲಿ ಹುಣಸೆಹಣ್ಣೇ ರೂಢಿಯಾಗಿತ್ತು. ಭರಣಿ ಅಟ್ಟಕ್ಕೆ ಹೋಯಿತು.

ಸಿಪ್ಪೆ ನಮ್ಮ ಮನೆಯಿಂದ ಹೊರಟುಹೋಗಿ, ಮೂವತ್ತು ವರ್ಷದ ಮೇಲೆ ಡಬ್ಬಿಯಾಗಿ ಆಯಿಯ ಕೈಗೆ ವಾಪಸು ಬಂದಿತ್ತು. ನನ್ನ ವಾಕ್ಯ ಅದರ ಮೇಲಿತ್ತು.

*

ಡಬ್ಬಿಯ ಫೋಟೋ ನೋಡಿದ ರಾತ್ರಿಯೇ ಆಯಿಗೆ ಗುಳಿಗೆ ನಿಲ್ಲಿಸು ಅಂದಿದ್ದೆ. ಅದನ್ನು ಬರೆದವಳು ನಾನೇ ಅಂತ ಹೇಳಲು ಬಾಯಿ ಬರಲಿಲ್ಲ. ಅವಳು ನಿಲ್ಲಿಸಲಿಲ್ಲ. "ಉಪ್ಪಾಗೆಯಿಂದ ಎಂತ ಆಗ್ತು? ನಾವು ಉಂಡು ಬೆಳೆದದ್ದೇ ಅಲ್ದ?" ಅಂದಳು. ಆ ಮಾತಿಗೆ ಉತ್ತರ ಕೊಡುವುದು ಕಷ್ಟ, ಏಕೆಂದರೆ ಉಂಡು ಬೆಳೆದದ್ದು ನಿಜ. ಡಬ್ಬಿಯ ಮೇಲೆ ಗಾರ್ಸಿನಿಯಾ ಕ್ಯಾಂಬೋಜಿಯಾ ಅಂತಷ್ಟೇ ಇದ್ದಿದ್ದರೆ ಅವಳು ಮುಟ್ಟುತ್ತಿರಲಿಲ್ಲ. ಅವಳಿಗೆ ಇಂಗ್ಲಿಷ್ ಗುಳಿಗೆಯ ಹೆದರಿಕೆ. ಉಪ್ಪಾಗೆ ಎಂಬ ಪದ ಆ ಹೆದರಿಕೆಯನ್ನು ತೆಗೆದುಹಾಕಿತ್ತು.

ಸೆಪ್ಟೆಂಬರಿನಲ್ಲಿ ಅವಳಿಗೆ ಊಟ ಸೇರದಾಯಿತು, ಸುಸ್ತು. ಶಿರಸಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಯಕೃತ್ತಿನ ಕಿಣ್ವಗಳು ಇರಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಡಾಕ್ಟರು ಏನೇನು ಗುಳಿಗೆ ನುಂಗುತ್ತೀರಿ ಅಂತ ಕೇಳಿ, ಎಲ್ಲವನ್ನೂ ಮೇಜಿನ ಮೇಲೆ ಇಡಿಸಿ, ಹಸಿರು ಡಬ್ಬಿಯನ್ನು ಮೊದಲು ಬದಿಗಿಟ್ಟರು. ಆಯಿ ಕೊಲೆಸ್ಟರಾಲಿನ ಗುಳಿಗೆಯನ್ನೂ ತೆಗೆದುಕೊಳ್ಳುತ್ತಿದ್ದಳು. ಯಾವುದರಿಂದ ಹೀಗಾಯಿತು ಎಂದು ಖಚಿತವಾಗಿ ಹೇಳುವುದಿಲ್ಲ, ಇದನ್ನು ಬಿಟ್ಟು ನೋಡೋಣ ಅಂದರು. ಆರು ವಾರದ ನಂತರ ಕಿಣ್ವಗಳು ಇಳಿದು ಮಾಮೂಲಿಗೆ ಬಂದವು. ಆ ಆರು ವಾರ ನನಗೆ ಹೇಗೆ ಕಳೆದವು ಎಂದು ಬರೆಯುವುದಿಲ್ಲ.

ನಾನು ಏಜೆನ್ಸಿಗೆ ಬರೆದೆ. ಆ ವಾಕ್ಯಕ್ಕೆ ಆಧಾರವಿಲ್ಲ, ಪಶ್ಚಿಮ ಘಟ್ಟದ ಜನರು ಇದನ್ನು ಬಳಸುತ್ತ ಬಂದಿರುವುದು ಅಡುಗೆಗೆ ಎಂದು. ಎರಡು ವಾರದ ಮೇಲೆ ಉತ್ತರ ಬಂತು: ಅನುವಾದ ಮೂಲಕ್ಕೆ ನಿಷ್ಠವಾಗಿದೆ, ಆದ್ದರಿಂದ ತಿದ್ದುವ ಅಗತ್ಯವಿಲ್ಲ. ನಿಷ್ಠವಾಗಿದ್ದದ್ದು ಹೌದು. ನನ್ನ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಆದರೂ ಒಂದು ಯೋಚನೆ ಬಿಡದೆ ಕಾಡಿತು. ಆಯಿ ಫೋನಿನಲ್ಲಿ ಹೇಳಿದ ವಾಕ್ಯವನ್ನು ಮತ್ತೆ ನೋಡಿ: ಉಪ್ಪಾಗೇದೇ ಅಡ, ಇಳಿತಡ. ಎರಡು ಸಲವೂ ಅವಳು 'ಅಡ' ಬಿಡಲಿಲ್ಲ. ತಾನು ಕಂಡದ್ದಲ್ಲ, ಓದಿದ್ದು ಎಂಬ ಗುರುತನ್ನು ಅವಳ ಮಾತು ತಾನಾಗಿ ಹಾಕಿಕೊಂಡಿತು. ಎಂ.ಎ. ತರಗತಿಯಲ್ಲಿ ಇದಕ್ಕೆ ಒಂದು ಪಾಠವೇ ಇತ್ತು. ಕೇಳಿದ ಸುದ್ದಿ ಎಂದು ಗುರುತಿಸುವ ಪ್ರತ್ಯಯ ಜಗತ್ತಿನ ಎಷ್ಟೋ ಭಾಷೆಗಳಲ್ಲಿದೆ, ಕನ್ನಡದ 'ಅಂತೆ' ಅದಕ್ಕೆ ಒಳ್ಳೆಯ ಉದಾಹರಣೆ. ನಾನು ಆ ಬಗ್ಗೆ ಒಂದು ಪ್ರಬಂಧವನ್ನೂ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಡಬ್ಬಿಯ ಮೇಲೆ 'ಬಳಸುತ್ತ ಬಂದಿದ್ದಾರಂತೆ' ಎಂದು ಬರೆಯಲು ಆಗುವುದಿಲ್ಲ, ನಿಜ. ಆದರೆ ನಾನು ಬರೆಯುವಾಗ ಆ ಜನರಲ್ಲಿ ಒಬ್ಬಳಾಗಿದ್ದೆ. ನನಗೆ 'ಅಂತೆ'ಯ ಅಗತ್ಯವೇ ಇರಲಿಲ್ಲ. ಅದು ಹಾಗಲ್ಲ ಎಂದು ನನಗೆ ನೇರವಾಗಿ ಗೊತ್ತಿತ್ತು, ತುಪ್ಪ ಹಾಕಿದ ದೋಸೆ ತಿಂದು ಗೊತ್ತಿತ್ತು.

ಈಗ ಔಷಧಿಯಂತೆ ಮಾರುವ ಯಾವುದೇ ವಸ್ತುವಿನ ಲೇಬಲ್ಲು ಬಂದರೆ, 'ಪಾರಂಪರಿಕ' ಎಂಬ ಮಾತಿಗೆ ಆಧಾರ ಕೇಳುತ್ತೇನೆ. ಆಧಾರ ಬಂದದ್ದು ಕಡಿಮೆ, ಕೆಲಸ ವಾಪಸು ಹೋದದ್ದು ಹೆಚ್ಚು. ತಿಂಗಳಿಗೆ ಇಷ್ಟು ಎಂದು ಲೆಕ್ಕ ಹಾಕಿದರೆ ಬೇಸರವಾಗುತ್ತದೆ, ಹಾಗಾಗಿ ಹಾಕುವುದಿಲ್ಲ.

*

ಡಿಸೆಂಬರಿನಲ್ಲಿ ಊರಿಗೆ ಹೋಗುವಾಗ ಫೇಸ್-3ರ ಅಂಗಡಿಯಿಂದ ಕಾಲು ಕಿಲೋ ಕುಡಂಪುಳಿ ಕಟ್ಟಿಸಿಕೊಂಡು ಹೋದೆ. ಡಬ್ಬಿಯ ವಾಕ್ಯ ನನ್ನದು ಎಂದು ಆಯಿಗೆ ಹೇಳಿದ್ದು ಆಗಲೇ, ಅಡುಗೆಮನೆಯಲ್ಲಿ, ಅವಳ ಬೆನ್ನು ನನ್ನ ಕಡೆ ಇದ್ದಾಗ. ಅವಳು ತಿರುಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಚೊಲೋ ಕನ್ನಡ ಆಗಿತ್ತು" ಅಂದಳು.

ಆಮೇಲೆ ಪ್ಯಾಕೆಟ್ ಒಡೆದು ಮೂಸಿ ನೋಡಿದಳು. "ಸರಿ ಹೊಗೆ ಕುಡದ್ದಿಲ್ಲೆ ಇದು." ಆದರೂ ಎರಡು ಹೋಳು ತೆಗೆದು ಬಿಸಿನೀರಿಗೆ ಹಾಕಿದಳು. ಅರ್ಧ ಗಂಟೆ ನೆನೆದ ಮೇಲೆ ಆ ನೀರಿಗೇ ಇನ್ನಷ್ಟು ನೀರು, ಉಪ್ಪು, ಬೆಲ್ಲ, ಸೀಳಿದ ಹಸಿಮೆಣಸು ಹಾಕಿ ಕುದಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ. ಅಷ್ಟೇ. ನಿಮ್ಮೂರಲ್ಲಿ ಮಲಯಾಳಿ ಅಂಗಡಿ ಇದ್ದರೆ ನೀವೂ ಮಾಡಬಹುದು. ನಾಲ್ಕು ಜನಕ್ಕೆ ಎರಡು ಹೋಳು ಸಾಕು, ಮೂರು ಹಾಕಿದರೆ ಹಲ್ಲು ಚಳಿಯುತ್ತದೆ.

ಊಟಕ್ಕೆ ಕೂತಾಗ ಆಯಿ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಅಟ್ಟದ ಮೇಲಿನ ಭರಣಿ ಒಡೆದಿಲ್ಲ ಅಲ್ದ, ನಾಳೆ ಇಳಿಸಿ ತೊಳಿ ಅಂದಳು.